ಭಾಲ್ಕಿಯ ಪೈಠಣಿ ಕುರ್ತಾ

ನೌಬಾದ, ಬೀದರ
೩ ನವೆಂಬರ್ ೨೦೨೫, ಸೋಮವಾರ

ನನ್ನ ಅವ್ವನಿಗೆ ಜಗದೇವಿಯ ಶರಣು.

ಮೊಣಕಾಲು ನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಶೀಸೆ ಗೂಡಿನಲ್ಲೇ ಕೂತಿದೆಯೋ? ಔರಾದದ ಚಳಿಯಲ್ಲಿ ನಿನ್ನನ್ನು ನೆಲದ ಮೇಲೆ ಮಲಗಿಸಿದರೆ ನಾನೇ ಬಂದು ಜಗಳ ತೆಗೆಯುತ್ತೇನೆಂದು ಅಣ್ಣ ಬಸವಣ್ಣೆಪ್ಪನಿಗೆ ಹೇಳು. ಫೋನ್ ಮಾಡದೆ ಪತ್ರ ಏಕೆ ಎನ್ನಬೇಡ. ಫೋನಿನಲ್ಲಿ ಭಾಲ್ಕಿ ಎಂದ ಕೂಡಲೇ ನೀನು ಇಟ್ಟುಬಿಡುತ್ತೀ. ಇದನ್ನಾದರೂ ಕೊನೆತನಕ ಓದು.

ಅಂಗಡಿ ಚೆನ್ನಾಗಿ ನಡೆದಿದೆ. ಈಗಿನ ಹುಡುಗಿಯರಿಗೆ ಒಂದೇ ಕುರ್ತಾ ಕಚೇರಿಗೂ ಆಗಬೇಕು, ಹಬ್ಬಕ್ಕೂ ಆಗಬೇಕು. ನಾನು ಅವರಿಗೆ ನಿನ್ನ ಪಾಠವನ್ನೇ ಒಪ್ಪಿಸುತ್ತೇನೆ. ಮೈ ಸಾದಾ ಇರಲಿ, ಕೆಲಸವೆಲ್ಲ ಕೊರಳಿಗೆ, ತೋಳಿನ ತುದಿಗೆ. ದಿನಾಲು ಹತ್ತಿಯ ಪ್ಯಾಂಟಿನ ಮೇಲೆ ತೊಟ್ಟು ತೋಳು ಮಡಚಿಕೊಳ್ಳಲಿ. ಹಬ್ಬಕ್ಕೆ ತೋಳು ಇಳಿಸಿ, ಅಗಲ ಪಲಾಜೋ, ಜರಿ ದುಪಟ್ಟಾ, ಕಿವಿಗೆ ಝುಮಕಿ. ನಮ್ಮ ಓಣಿಯ ನಿಖತ ದಿನಾ ಬಸ್ಸಿನಲ್ಲಿ ಔರಾದಕ್ಕೆ ಬಂದು ಸಾಲೆ ಕಲಿಸುತ್ತಾಳಲ್ಲ, ಅವಳ ಬಿಳಿ ಕುರ್ತಾ ವಾರವಿಡೀ ಸಾಲೆಯದು. ಈದ್ ದಿನ ಅದರ ಮೇಲೊಂದು ಹಸಿರು ಜಾಕೀಟು ಬಿತ್ತೆಂದರೆ ಹೊಸದೆಂದು ಎಲ್ಲರೂ ಬೆಲೆ ಕೇಳುತ್ತಾರೆ.

ಹೋದ ವಾರ ಅಂಗಡಿಗೆ ಬಂದವಳು ಸರಸ್ವತಿಬಾಯಿ. ಹೌದು, ಭಾಲ್ಕಿಯವಳೇ. ಕಾಗದ ಮಡಚಬೇಡ. ಜೊತೆಗೆ ಮಗಳು ಪೂನಮ. ಆ ಹುಡುಗಿಗೆ ಇದೇ ತಿಂಗಳ ಇಪ್ಪತ್ತನೇ ತಾರೀಖಿಗೆ ನಿಶ್ಚಿತಾರ್ಥ. ನಾನು ಮೈ ಬಂದು, ಕನ್ನಡಕ ಹಾಕಿಕೊಂಡವಳು, ಅವಳಿಗೆ ಗುರುತು ಹತ್ತಲಿಲ್ಲ. ಹೊಸ ರೇಷ್ಮೆ ಬಟ್ಟೆ ಕೊಟ್ಟು, ಚೀಲದಿಂದ ಒಂದು ಹಳೆಯ ನೇರಳೆ ಪೈಠಣಿ ಕುರ್ತಾ ತೆಗೆದಳು. ಪೂನಮ ಹತ್ತು ವರ್ಷದವಳಿದ್ದಾಗಿನದಂತೆ, ಒಂದೇ ಸಲ ತೊಟ್ಟದ್ದಂತೆ. ಅದರ ಜರಿಯನ್ನು ಹೊಸ ಕುರ್ತಾದ ಕೊರಳಿಗೆ ಕೂಡಿಸಬೇಕಂತೆ. ಕೈಯಲ್ಲಿ ಹಿಡಿದು ಅಂಚು ತಿರುಗಿಸಿ ನೋಡಿದೆ. ನಿನ್ನ ಹೊಲಿಗೆ ನನಗೆ ತಿಳಿಯದೇ?

ಹದಿನಾಲ್ಕು ವರ್ಷದ ಹಿಂದಿನ ಆ ದೀಪಾವಳಿ ನಿನಗಿಂತ ನನಗೇ ಚೆನ್ನಾಗಿ ನೆನಪಿದೆ. ನೀನು ನೆಲ ನೋಡುತ್ತಿದ್ದೆ, ನಾನು ಎಲ್ಲರ ಮುಖ ನೋಡುತ್ತಿದ್ದೆ. ಈ ಕುರ್ತಾ ಹೊಲಿಯಲು ಕೊಟ್ಟ ತನ್ನ ಹಳೆಯ ಪೈಠಣಿ ಸೀರೆಯ ಸೆರಗಿನಲ್ಲಿ ಒಂದು ಗೇಣು ಕಡಿಮೆ ಬಿತ್ತೆಂದು, ಆರತಿಗೆ ಕೂಡಿದ ಹೆಂಗಸರ ಮುಂದೆ ಸರಸ್ವತಿಬಾಯಿ ನಿನ್ನನ್ನು ನಿಲ್ಲಿಸಿ ಕೇಳಿದಳು. “ಒಳಗ ಮಡಚೇನ್ರಿ ಬಾಯೋರ, ಹುಡುಗಿ ಬೆಳದಂಗ ಇಳಸಬಹುದು” ಎಂದೆ ನೀನು. “ಹಬ್ಬದ ಹೊಸ ಅಂಗಿ ಬಿಚ್ಚಿ ನೋಡ್ಲೇನು? ಕಳ್ಳತನ ಮಾಡಿ ಮ್ಯಾಲ ಮಾತು ಬ್ಯಾರೆ” ಎಂದಳು. ಆಮೇಲೆ ಭಾಲ್ಕಿಯಲ್ಲಿ ಯಾರೂ ನಿನ್ನ ಕೈಗೆ ಬಟ್ಟೆ ಕೊಡಲಿಲ್ಲ. ನೀನು ಮಷಿನ್ ಮಾರಿ ಔರಾದಕ್ಕೆ ಹೋದೆ, ಮತ್ತೆ ಕತ್ತರಿ ಹಿಡಿಯಲಿಲ್ಲ.

ಮೊದಲು ಕೆಟ್ಟ ಯೋಚನೆಗಳೇ ಬಂದವು. ನಿಶ್ಚಿತಾರ್ಥದ ದಿನ ಕೂತರೆ ಹರಿಯುವಂತೆ ಬಗಲಿನಲ್ಲಿ ಬಿಗಿ ಹಿಡಿಯಲೇ ಎಂದೂ ಅನಿಸಿತು. ಆದರೆ ಹೊಲಿಗೆ ಕೆಟ್ಟರೆ ಹೋಗುವುದು ನಮ್ಮ ಹೆಸರೇ. ಅದಕ್ಕೇ ಸುಮ್ಮನೆ ಅಳತೆ ತೆಗೆದುಕೊಂಡೆ. ಡಿಸೈನ್ ಪಸಂದ್ ಮಾಡಲು ಮನೆಯ ಹಿರಿಯರನ್ನೂ ಕರೆತರಬೇಕೆಂದು ನಯವಾಗಿ ಹೇಳಿ ಕಳಿಸಿದೆ. ಹಿರಿಯರೆಂದರೆ ಅವಳ ಇಬ್ಬರು ನಾದಿನಿಯರು. ಆವತ್ತು ಆರತಿ ತಟ್ಟೆ ಹಿಡಿದು ನಿಂತು ನಕ್ಕವರು.

ಶನಿವಾರ ಪೂನಮಳ ಜೊತೆ ಮೂವರೂ ಬಂದರು. ಅಂಗಡಿ ತುಂಬ ಗಿರಾಕಿಗಳು. ನಾನು ಹಳೆಯ ಕುರ್ತಾವನ್ನು ಮೇಜಿನ ಮೇಲೆ ಹಾಸಿ, ಪೂನಮಳ ಕೈಗೆ ಬ್ಲೇಡು ಕೊಟ್ಟು, ಕೆಳಗಿನ ಅಂಚು ನೀನೇ ಬಿಚ್ಚು ತಂಗಿ ಎಂದೆ. ಪಾಪ, ಆ ಹುಡುಗಿಗೇನು ಗೊತ್ತು? ಬಿಚ್ಚುತ್ತ ಹೋದಳು. ಸೆರಗು ಇಳಿಯಿತು ಅವ್ವಾ. ಹೊರಗಿನದು ಮಾಸಿತ್ತು, ಒಳಗಿನದು ನಿನ್ನೆ ಅಂಗಡಿಯಿಂದ ತಂದಂತಿತ್ತು, ನವಿಲುಗಳೆಲ್ಲ ಇಡಿಯಾಗಿದ್ದವು. ನಾನು ಕೊರಳಿನ ಟೇಪು ತೆಗೆದು ಸರಸ್ವತಿಬಾಯಿಯ ಮುಂದೆ ಹಿಡಿದೆ. “ಅಳೀರಿ ಬಾಯೋರ. ನಮ್ಮವ್ವ ಈರಮ್ಮ ಎಷ್ಟು ಕದ್ದಿದ್ಲು ನೋಡ್ರಿ” ಎಂದೆ.

ಅವಳ ಮುಖ ನೀನು ನೋಡಬೇಕಿತ್ತು. ಟೇಪು ಮುಟ್ಟಲಿಲ್ಲ. “ಆಗಿನ ಮಾತು ಈಗ್ಯಾಕ ತಗೀತಿ, ಬಿಡವಾ” ಎಂದು ಮೆಲ್ಲಗೆ ಅಂದಳು. ಬಿಡುವುದಿಲ್ಲ ಎಂದೆ. ನನಗೆ ಕನಿಕರ ಬರಲಿಲ್ಲ, ಸುಳ್ಳೇಕೆ ಹೇಳಲಿ? ಬಹಳ ಸುಖವಾಯಿತು. ನಾನೇ ಅಳೆದೆ: ಸರಿಯಾಗಿ ಒಂದು ಗೇಣು. ಪೂನಮ ತಾಯಿಯ ಕಡೆ ತಿರುಗಿ, “ಅಮ್ಮಾ, ನೀ ಹಿಂಗ ಅಂದಿದ್ದೇನು?” ಎಂದು ಕೇಳಿದಳು.

ಅಣ್ಣನಿಗೆ, ಅತ್ತಿಗೆಗೆ ನನ್ನ ಶರಣು. ಎಣ್ಣೆ ಮರೆಯಬೇಡ.

ನಿನ್ನ ಮಗಳು,
ಜಗದೇವಿ

ತಾ.ಕ.: ನಿಖತ ಬಸ್ಸಿಗೆ ಹೊರಟು ನಿಂತಿದ್ದಾಳೆ, ಪತ್ರ ಅವಳ ಕೈಯಲ್ಲೇ ಕೊಡುತ್ತಿದ್ದೇನೆ. ಶುಕ್ರವಾರ ಮಧ್ಯಾಹ್ನ ಸರಸ್ವತಿಬಾಯಿ ಇಬ್ಬರೂ ನಾದಿನಿಯರನ್ನು ಕರೆದುಕೊಂಡು ಔರಾದಕ್ಕೆ ಬರುತ್ತಾಳೆ. ಅವರ ಎದುರಿಗೇ ನಿನ್ನ ಮುಂದೆ ತಪ್ಪಾಯಿತೆಂದು ಅನ್ನಬೇಕು, ಇಲ್ಲದಿದ್ದರೆ ಬಟ್ಟೆಗೆ ಕತ್ತರಿ ಹಾಕುವುದಿಲ್ಲ ಎಂದಿದ್ದೇನೆ. ಹುಡುಗಿ ಬೇರೆ ಟೇಲರ್ ಬೇಡವೆಂದು ಹಟ ಹಿಡಿದಿದ್ದಾಳೆ. ನಿನ್ನ ಸ್ವಭಾವ ನನಗೆ ಗೊತ್ತು, ಬಾಗಿಲಿಗೆ ಬಂದವರಿಗೆ ಚಹಾಕ್ಕೆ ಇಟ್ಟುಬಿಡುತ್ತೀ. ಇಡಬೇಡ. ಓಣಿಯ ಹೆಂಗಸರೆಲ್ಲ ಕೂಡುವ ತನಕ ಹೊರಗೇ ನಿಲ್ಲಲಿ. ನೀನು ಹೊಲಿ ಅಂದರೆ ಹೊಲಿಯುತ್ತೇನೆ. ಆದರೆ ಅವ್ವಾ, ಬೇಗ ಅನ್ನಬೇಡ.