ಪೋಣಿಸಿಟ್ಟ ಸೂಜಿ

ಪ್ರೀತಿಯ ಮಗಳಿಗೆ ಆಶೀರ್ವಾದಗಳು.

ನೀನೂ ತಾನೂ ಬೇರೆಯಾದೆವೆಂದು ನನ್ನ ಮಗ ಊಟ ಮಾಡುತ್ತಾ ಹೇಳಿದ. "ಯಾಕೋ?" ಎಂದೆ. "ಸರಿಹೋಗ್ಲಿಲ್ಲಮ್ಮ. ಈಗೆಲ್ಲ ಹೀಗೇನೇ, ನೀನು ತಲೆ ಕೆಡಿಸ್ಕೋಬೇಡ" ಎಂದು ಕೈ ತೊಳೆಯಲು ಎದ್ದ. ಎರಡು ವರ್ಷ ಪ್ರತಿ ಭಾನುವಾರ ನಮ್ಮ ಮನೆಗೆ ಬಂದವಳು ನೀನು. ನೀವು ಬೇರೆಯಾಗುವಾಗ ನನ್ನನ್ನು ಯಾರೂ ಕೇಳಲಿಲ್ಲ.

ನನ್ನ ಕಣ್ಣು ಮಂಜೆಂದು ನೀನು ವಾರದ ಹೊಲಿಗೆಗೆ ಆಗುವಷ್ಟು ಸೂಜಿಗಳಿಗೆ ದಾರ ಪೋಣಿಸಿ ಪುಟ್ಟ ದಿಂಬಿಗೆ ಚುಚ್ಚಿಟ್ಟು ಹೋಗುತ್ತಿದ್ದೆ. ಈಗ ಅದರಲ್ಲಿ ಒಂದೇ ಉಳಿದಿದೆ. ಗಿರಾಕಿಗಳ ಅಂಗಿಗಳು ಗುಂಡಿಯಿಲ್ಲದೆ ಬಿದ್ದಿವೆ. ಆದರೂ ಅದನ್ನು ಮುಟ್ಟಲು ಮನಸ್ಸು ಬರುತ್ತಿಲ್ಲ.

ಹೋದ ವಾರ ಅವನು ಇನ್ನೊಬ್ಬಳನ್ನು ಕರೆತಂದಿದ್ದ. ಒಳ್ಳೆಯ ಹುಡುಗಿಯೇ. "ಕೊಡಿ ಆಂಟಿ, ನಾನು ಪೋಣಿಸ್ತೀನಿ" ಎಂದಳು. "ಬೇಡಮ್ಮ, ನಂಗೆ ಕಾಣುತ್ತೆ" ಎಂದು ಸುಳ್ಳು ಹೇಳಿದೆ, ದೇವರು ಕ್ಷಮಿಸಲಿ. ಮತ್ತೊಬ್ಬಳನ್ನು ಹಚ್ಚಿಕೊಳ್ಳಲು ಭಯ.

ದೇವರ ಮುಂದೆ ಕೂತಾಗ ಇನ್ನೂ ನಿನ್ನ ಹೆಸರು ಹೇಳುತ್ತೇನೆ. ಭಾನುವಾರ ಮಧ್ಯಾಹ್ನ ಅವನು ಮನೆಯಲ್ಲಿ ಇರುವುದಿಲ್ಲ. ಒಂದು ಗಳಿಗೆ ಬಂದು ಹೋಗುತ್ತೀಯಾ? ಬರುವುದಿಲ್ಲವಾದರೆ ಅದನ್ನಾದರೂ ತಿಳಿಸು. ಆ ಸೂಜಿಯನ್ನೂ ಬಳಸಿಬಿಡುತ್ತೇನೆ.

ಇಂತಿ,
ನೀನು ಅಮ್ಮ ಎನ್ನುತ್ತಿದ್ದವಳು