ಕುಂಬಳ ರಕ್ತ ಕೊಟ್ಟದ್ದು

ಮೈಸೂರು, ವಿಜಯನಗರ ಮೂರನೇ ಹಂತ
ಭಾನುವಾರ, 17 ಆಗಸ್ಟ್ 2025

ಪ್ರೀತಿಯ ಸಿದ್ದುಗೆ,

ಮೊದಲು ನಿನ್ನ ಮೊಣಕಾಲು ಹೇಗಿದೆ ಹೇಳು. ದಿನಕ್ಕೆ ಹತ್ತು ಸಲ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೀಯ ಎಂದು ಭಾನು ದೂರು ಹೇಳಿದಳು. ಎಣ್ಣೆ ಹಚ್ಚಿಕೊಂಡು ಒಂದು ಗಳಿಗೆ ಕಾಲು ನೀಡಿ ಕೂರು. ಮಗಳ ಬಾಣಂತನಕ್ಕೆ ದಾವಣಗೆರೆಗೆ ಹೋದವಳು ನೀನೇ ಮಲಗಿದರೆ ಅಳಿಯಂದಿರು ಇಬ್ಬರಿಗೂ ಪಥ್ಯ ಮಾಡಿ ಹಾಕಬೇಕಾಗುತ್ತದೆ. ಭಾನುಮತಿಗೆ ಊಟ ಸೇರುತ್ತಿದೆಯೇ? ಮೊಮ್ಮಗ ಹಗಲೆಲ್ಲ ಮಲಗಿ ರಾತ್ರಿ ಕಣ್ಣು ಬಿಟ್ಟುಕೊಂಡಿರುತ್ತಾನಂತೆ. ನೈಟ್ ಸರ್ವೀಸ್ ಡ್ರೈವರ್ ಆಗುತ್ತಾನೆ, ತಾತನ ಹೆಸರು ಉಳಿಸುತ್ತಾನೆ ಬಿಡು. ನನ್ನ ಬಿಪಿ ಮಾತ್ರೆ ತಪ್ಪಿಲ್ಲ. ಬೀರೇಶನೂ ತೇಜಸ್ವಿನಿಯೂ ಚೆನ್ನಾಗಿದ್ದಾರೆ. ಸೊಸೆ ಮಾಡುವ ಉಪ್ಪಿಟ್ಟು ಈಗ ನಿನ್ನ ಉಪ್ಪಿಟ್ಟಿನ ಹತ್ತಿರಕ್ಕೆ ಬಂದಿದೆ. ಇದನ್ನು ಅವಳಿಗೆ ಹೇಳಿಲ್ಲ, ನಿನಗೆ ಮಾತ್ರ ಹೇಳುತ್ತಿದ್ದೇನೆ.

ಫೋನ್ ಇರುವಾಗ ಇದೇನು ಕಾಗದ ಎಂದು ನೀನು ಕೇಳುತ್ತೀಯ. ಫೋನಿನಲ್ಲಿ ನಾನು ಒಂದು ಮಾತಾಡುವಷ್ಟರಲ್ಲಿ ನೀನು ನಾಲ್ಕು ಆಡುತ್ತೀಯ. ಬೇಡದ ವಿಷಯ ಬಂದರೆ ‘ಮಗು ಅಳ್ತೈತೆ’ ಎಂದು ಇಟ್ಟುಬಿಡುತ್ತೀಯ. ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿದ ನನಗೆ ಡ್ಯೂಟಿ ಹಾಳೆಯಲ್ಲಿ ಸಹಿ ಹಾಕಿ ಗೊತ್ತೇ ಹೊರತು ಕಾಗದ ಬರೆದು ಗೊತ್ತಿಲ್ಲ. ಆದರೂ ನಿನ್ನೆಯಿಂದ ಕೂತು ಬರೆಯುತ್ತಿದ್ದೇನೆ. ಕಾಗದದ ಬಾಯಿ ಮುಚ್ಚಿಸಲು ಆಗುವುದಿಲ್ಲವಲ್ಲ. ಒಂದೇ ಕೇಳಿಕೆ. ಕೊನೆಯವರೆಗೆ ಓದಿದ ಮೇಲೆ ಏನು ಬೈಯಬೇಕೋ ಬೈ.

ಕುಂಬಳನ ವಿಷಯ. ಐದು ವರ್ಷದ ಹಿಂದೆ ಬೀರೇಶ ಆ ಮರಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದಾಗ ‘ನಾಯಿ ಅಂತ ಹೇಳಿ ಬೂದುಗುಂಬಳಕಾಯಿ ತಂದಿದ್ದೀಯಲ್ಲೋ’ ಎಂದವಳು ನೀನೇ. ಹೆಸರು ಅಲ್ಲೇ ನಿಂತಿತು, ಮೈಯೂ ಹೆಸರಿಗೆ ತಕ್ಕಂತೆ ಬೆಳೆಯಿತು. ನೀನು ಹೊರಟ ಮೇಲೆ ತೂಕ ಮೂವತ್ತಾರು ಕೇಜಿ ದಾಟಿತೆಂದು ಬೀರೇಶ ಅವನ ಕೊರಳಿಗೆ ಒಂದು ಹೊಸ ಪಟ್ಟಿ ಕಟ್ಟಿದ. ಅದು ನಾಯಿ ಎಷ್ಟು ಹೆಜ್ಜೆ ನಡೆಯಿತು, ಎಲ್ಲಿ ಹೋಯಿತು, ಎಷ್ಟು ಹೊತ್ತು ಮಲಗಿತು ಎಂಬುದನ್ನೆಲ್ಲ ಆಫೀಸಿನಲ್ಲಿ ಕೂತ ಬೀರೇಶನ ಫೋನಿಗೆ ಹೇಳುತ್ತದೆ. ದಿನಾ ಆರು ಸಾವಿರ ಹೆಜ್ಜೆ ನಡೆಸುವ ಕೆಲಸ ನನಗೆ ಬಂತು. ಅವನೋ ಮೂಲೆಯ ಮನೆಯ ಗೇಟಿನವರೆಗೆ ಬಂದು ರಸ್ತೆಯಲ್ಲೇ ಮಲಗಿಬಿಡುತ್ತಾನೆ. ಎಳೆದರೆ ಪಟ್ಟಿ ಬರುತ್ತದೆ, ನಾಯಿ ಬರುವುದಿಲ್ಲ. ಹೀಗೆ ಒಂದು ದಿನ ಪಟ್ಟಿಯೇ ಕೈಗೆ ಬಂದಾಗ ನನಗೊಂದು ಉಪಾಯ ಹೊಳೆಯಿತು. ಅವನನ್ನು ಮನೆಗೆ ಬಿಟ್ಟು, ಅದನ್ನು ಜೇಬಿಗೆ ಹಾಕಿಕೊಂಡು ನಾನೇ ನಡೆದುಬಂದೆ. ನಾಲ್ಕು ದಿನ ಕುಂಬಳನ ಹೆಜ್ಜೆಗಳನ್ನು ನೋಡಿ ಬೀರೇಶ ಬಹಳ ಖುಷಿಯಾಗಿದ್ದ. ಐದನೇ ದಿನ ಸಂಜೆ ಬಂದವನೇ ‘ಅಪ್ಪಾ, ಇವತ್ತು ಹನ್ನೊಂದು ಗಂಟೆಗೆ ನಮ್ಮ ಕುಂಬಳ ಹೋಟೆಲ್‌ನಲ್ಲಿ ಅರ್ಧ ಗಂಟೆ ಏನು ಮಾಡ್ತಿದ್ದ? ಮಸಾಲೆ ದೋಸೆ ತಿಂದನಾ, ಸೆಟ್ ದೋಸೆ ತಿಂದನಾ?’ ಎಂದ. ತೇಜಸ್ವಿನಿ ಅಡುಗೆಮನೆಗೆ ಓಡಿಹೋಗಿ ನಕ್ಕಳು. ನನಗೆ ಸುಳ್ಳು ಹೇಳಲು ಬರುತ್ತದೆ, ದಕ್ಕಿಸಿಕೊಳ್ಳಲು ಬರುವುದಿಲ್ಲ. ಇದು ನಿನಗೂ ಗೊತ್ತಿರುವುದೇ.

ಇನ್ನೊಂದು ಯಂತ್ರ ಬಂದಿದೆ. ಹೊತ್ತಿಗೆ ಸರಿಯಾಗಿ ಅಳತೆಯ ಊಟವನ್ನು ತಟ್ಟೆಗೆ ಸುರಿಯುವ ಡಬ್ಬ. ಸುರಿಯುವ ಮುಂಚೆ ಅದು ಮನೆಯವರ ದನಿಯಲ್ಲಿ ಕರೆಯುತ್ತದೆ. ಬೀರೇಶ ಕರೆದು ನೋಡಿದ, ನಾನು ಕರೆದು ನೋಡಿದೆ, ಕುಂಬಳ ಕಿವಿಯನ್ನೂ ಆಡಿಸಲಿಲ್ಲ. ಆಮೇಲೆ ತೇಜಸ್ವಿನಿ ತನ್ನ ಫೋನಿನಲ್ಲಿದ್ದ ಹಳೆಯ ವಿಡಿಯೋದಿಂದ ನಿನ್ನ ಮಾತು ತೆಗೆದು ಡಬ್ಬಕ್ಕೆ ತುಂಬಿದಳು. ಈಗ ದಿನಾ ಒಂದು ಗಂಟೆಗೆ ಆ ಡಬ್ಬ ‘ಕುಂಬಳಾ, ಬಾರೋ ಬಂಗಾರ, ಉಣ್ಣು ಬಾ’ ಎನ್ನುತ್ತದೆ. ಮೂವತ್ತಾರು ಕೇಜಿ ಮೈ ಒಂದೇ ನೆಗೆತಕ್ಕೆ ಬರುತ್ತದೆ. ಬಂದು, ಊಟದ ಮುಂಚೆ ಡಬ್ಬದ ಹಿಂದೆ ಹೋಗಿ ನಿನ್ನನ್ನು ಹುಡುಕುತ್ತಾನೆ. ನಾನೂ ಆ ಹೊತ್ತಿಗೆ ಪೇಪರು ಹಿಡಿದು ಅಲ್ಲೇ ಕೂರುತ್ತೇನೆ. ಸುಮ್ಮನೆ, ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ, ಕಾಗದ ಮಡಿಸಿ ಇಡಬೇಡ. ಮಂಗಳವಾರ ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ‘ಭಾವ, ನಾನು ಕಣ್ರೀ, ಚೆಲುವಿ’ ಎಂಬ ದನಿ. ಲೋಟ ಕೆಳಗಿಟ್ಟೆ. ನಿನ್ನ ಒಡಹುಟ್ಟಿದ ತಂಗಿಯ ದನಿ ಕೇಳಿ ಒಂಬತ್ತು ವರ್ಷವಾಗಿತ್ತು. ಭಾನು ಮದುವೆಯ ದಿನ ಚೆಲುವಮ್ಮ ಧಾರೆ ಮುಗಿದ ಮೇಲೆ ಛತ್ರಕ್ಕೆ ಬಂದದ್ದು, ನೀನು ಬೀಗರ ಮುಂದೆಯೇ ‘ನೀನು ಬರ್ದೇ ಇದ್ರೂ ಮದುವೆ ಆಯ್ತಲ್ಲ, ಇನ್ಯಾಕೆ ಬಂದೆ’ ಎಂದದ್ದು, ಅವಳು ಎಲೆಯ ಮುಂದೆ ಕೂರದೆ ಹೋದದ್ದು, ಇವೆಲ್ಲ ನಿನಗೆ ನೆನಪು ಮಾಡಬೇಕಾಗಿಲ್ಲ. ಆ ದಿನದಿಂದ ನಮ್ಮ ಮನೆಯಲ್ಲಿ ಅವಳ ಹೆಸರು ಎತ್ತಿದವರಿಲ್ಲ. ಮಂಡಿ ಮೊಹಲ್ಲಾ ಇಲ್ಲಿಗೆ ಅರ್ಧ ಗಂಟೆಯ ದಾರಿ, ಆದರೂ ನಾವು ಸಾಮಾನು ತರಲು ಕೂಡ ಆ ಕಡೆ ಹೋಗಿಲ್ಲ.

ಅವಳು ಕುಶಲವನ್ನೂ ಕೇಳಲಿಲ್ಲ. ‘ಭಾವ, ನನ್ನ ಗೋಣಿ ಸಾಯ್ತಾ ಅವ್ಳೆ. ರಕ್ತ ಬೇಕಂತೆ. ನಿಮ್ಮ ಕುಂಬಳನ್ನ ಎಂಗಾದ್ರೂ ಮಾಡಿ ಕರ್ಕೊಂಡ್ ಬಂದ್ಬುಡಿ’ ಎಂದಳು. ಗೋಣಿ ಎಂದರೆ ಅವಳ ನಾಯಿ. ನಾಲ್ಕು ವರ್ಷದ ಹಿಂದೆ ಮಂಡಿಯ ಅಂಗಡಿಯೊಂದರ ಮುಂದೆ ಖಾಲಿ ಚೀಲಗಳ ನಡುವೆ ಬಿದ್ದಿದ್ದ ಮರಿಯಂತೆ, ಅದಕ್ಕೇ ಆ ಹೆಸರು. ನಮ್ಮ ಕುಂಬಳನ ವಿಷಯ ನಿನಗೆ ಹೇಗೆ ಗೊತ್ತು ಎಂದೆ. ‘ತೇಜು ಹಾಕೋ ಸ್ಟೇಟಸ್ ದಿನಾ ನೋಡ್ತೀನಿ ಭಾವ’ ಎಂದಳು. ನಾನು ಸೊಸೆಯ ಮುಖ ನೋಡಿದೆ. ಅವಳು ‘ಚಿಕ್ಕತ್ತೆ ನಂಬರ್ ನನ್ನ ಹತ್ರ ಮೊದಲಿಂದ ಇದೆ ಮಾವ, ಅತ್ತೆಗೆ ಹೇಳ್ಬೇಡಿ’ ಎಂದು, ಆಫೀಸಿಗೆ ಅರ್ಧ ದಿನದ ರಜೆ ಹೇಳಿ, ಕಾರಿನ ಕೀ ತೆಗೆದುಕೊಂಡಳು. ಅವಳನ್ನು ಬೈಯಬೇಡ. ಹೊರಡುವ ಮುಂಚೆ ನಿನ್ನನ್ನು ಒಂದು ಮಾತು ಕೇಳಬೇಕಿತ್ತು. ಕೇಳಿದರೆ ನೀನು ಏನೆನ್ನುತ್ತಿದ್ದೆಯೋ ಎಂಬ ಹೆದರಿಕೆಗೆ ಕೇಳಲಿಲ್ಲ.

ಯಾದವಗಿರಿಯ ಪಶು ಆಸ್ಪತ್ರೆಗೆ ನಾವು ತಲುಪಿದಾಗ ಪುಟ್ಟಣ್ಣ ಬಾಗಿಲಲ್ಲೇ ನಿಂತಿದ್ದ. ಚೆಲುವಿಯ ಗಂಡ ಎಷ್ಟು ನರೆತುಬಿಟ್ಟಿದ್ದಾನೆ ಗೊತ್ತೇ? ಈಗಲೂ ಮನೆಯ ಮುಂಭಾಗದಲ್ಲೇ ತಗಡಿನ ಪೆಟ್ಟಿಗೆ ಮಾಡುವ ಕೆಲಸ, ಅದೇ ಸುತ್ತಿಗೆ, ಅದೇ ಸದ್ದು. ಒಳಗೆ ಚೆಲುವಿ ನೆಲದ ಮೇಲೆ ಕೂತಿದ್ದಳು, ಅವಳ ತೊಡೆಯ ಮೇಲೆ ಗೋಣಿ. ಕಂದು ಬಣ್ಣದ ಬೀದಿನಾಯಿ, ಸೀರೆಯ ತುಂಡಿನ ಹಾಗೆ ಬಿದ್ದಿತ್ತು. ಡಾಕ್ಟರ್ ಮಾಲವಿಕಾ ಅದರ ತುಟಿ ಎತ್ತಿ ನನಗೆ ತೋರಿಸಿದರು. ಒಸಡು ಸುಣ್ಣದ ಹಾಗೆ ಬೆಳ್ಳಗಿತ್ತು. ಮಳೆಗಾಲದಲ್ಲಿ ಮೈಗೆ ಹತ್ತಿದ ಉಣ್ಣಿಯಿಂದ ಬಂದ ಜ್ವರವಂತೆ. ಹನ್ನೆರಡರ ಮೇಲಿರಬೇಕಾದ ಹಿಮೋಗ್ಲೋಬಿನ್ ಮೂರಕ್ಕೆ ಇಳಿದಿತ್ತು. ಔಷಧಿ ಶುರುವಾಗಿದೆ, ಆದರೆ ಅದು ಕೆಲಸ ಮಾಡುವವರೆಗೆ ಜೀವ ನಿಲ್ಲಬೇಕಲ್ಲ ಎಂದರು. ರಕ್ತ ಕೊಡುವ ನಾಯಿಗೆ ಇಪ್ಪತ್ತೈದು ಕೇಜಿಯ ಮೇಲೆ ತೂಕವಿರಬೇಕು, ಎಂಟು ವರ್ಷದೊಳಗಿರಬೇಕು, ಲಸಿಕೆ ತಪ್ಪಿರಬಾರದು, ಮೈ ಮೇಲೆ ಒಂದು ಉಣ್ಣಿಯೂ ಇರಬಾರದು. ನಿನಗೆ ಹೆಮ್ಮೆಯಾಗಬೇಕು ಸಿದ್ದು. ನೀನು ಪ್ರತಿ ಭಾನುವಾರ ಅವನನ್ನು ಅಂಗಳದಲ್ಲಿ ಮಲಗಿಸಿ ಕಿವಿಯ ಸಂದು, ಬೆರಳ ಸಂದು ಹುಡುಕುತ್ತಿದ್ದೆಯಲ್ಲ, ಡಾಕ್ಟರು ಹತ್ತು ನಿಮಿಷ ತಡಕಿದರೂ ಏನೂ ಸಿಗಲಿಲ್ಲ. ‘ಇಷ್ಟು ಚೆನ್ನಾಗಿ ನೋಡ್ಕೊಂಡಿರೋರು ಯಾರು?’ ಎಂದು ಕೇಳಿದರು. ನಾನು ಬಾಯಿ ತೆಗೆಯುವ ಮುಂಚೆ ಚೆಲುವಿ ‘ನಮ್ಮಕ್ಕ’ ಎಂದಳು.

ಇಬ್ಬರ ರಕ್ತವೂ ಕೂಡುತ್ತದೆಯೇ ಎಂದು ಪರೀಕ್ಷೆ ಮಾಡಿದರು, ಕೂಡಿತು. ಕುಂಬಳನನ್ನು ಮೇಜಿನ ಮೇಲೆ ಹತ್ತಿಸಲು ನಾಲ್ಕು ಜನ ಬೇಕಾಯಿತು. ಒಂದು ಪಕ್ಕಕ್ಕೆ ಮಲಗಿಸಿ, ಕೊರಳ ಹತ್ತಿರ ಅಂಗೈಯಗಲ ಕೂದಲು ಬೋಳಿಸಿ, ಅಲ್ಲಿಗೆ ಸೂಜಿ ಹಾಕಿದರು. ನಡೆಯಲು ಒಲ್ಲದವನಿಗೆ ಮಲಗಿರು ಎಂದರೆ ಕೇಳಬೇಕೇ? ಇಪ್ಪತ್ತು ನಿಮಿಷ ಕದಲಲಿಲ್ಲ. ನಡುವೆ ಒಮ್ಮೆ ಆಕಳಿಸಿದ. ಅವನ ತಲೆ ಹಿಡಿದುಕೊಂಡಿದ್ದ ನಾನು ಆ ಕೆಂಪು ನಳಿಗೆಯನ್ನು ನೋಡಿದೆ ನೋಡು, ಘಾಟಿ ರಸ್ತೆಯಲ್ಲೂ ತಿರುಗದ ತಲೆ ತಿರುಗಿತು. ತೇಜಸ್ವಿನಿ ನನ್ನ ಜಾಗಕ್ಕೆ ಬಂದಳು, ಚೆಲುವಿ ನನ್ನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟಳು.

ಅವಳೂ ಬೆಂಚಿನ ತುದಿಯಲ್ಲಿ ಕೂತಳು. ಆಮೇಲೆ ಅವಳೇ ‘ಭಾವ, ಆ ಊಟದ ಡಬ್ಬದ ವಿಡಿಯೋ ಹಾಕಿದ್ಳಲ್ಲ ತೇಜು, ಅದನ್ನ ಎಷ್ಟು ಸಲ ನೋಡಿದೀನೋ ನಂಗೇ ಗೊತ್ತಿಲ್ಲ’ ಎಂದಳು. ನಾಯಿ ನೋಡುವುದಕ್ಕಾ ಎಂದು ಕೇಳಿದೆ. ‘ನಾಯಿ ನೋಡೋಕಾ? ಬಾರೋ ಬಂಗಾರ ಅಂತ ಅಕ್ಕ ನನ್ನೂ ಹಿಂಗೇ ಕರೀತಿದ್ಳು ಕಣ್ರೀ, ಚಿಕ್ಕೋಳಿದ್ದಾಗ’ ಎಂದು ಸೆರಗು ಬಾಯಿಗೆ ಒತ್ತಿಕೊಂಡಳು. ಖಾಲಿ ಲೋಟದಿಂದಲೇ ಇನ್ನೊಂದು ಸಲ ನೀರು ಕುಡಿದೆ.

ಅವತ್ತು ರಕ್ತ ಹನಿಹನಿಯಾಗಿ ಗೋಣಿಯ ಮೈ ಸೇರಲು ನಾಲ್ಕು ಗಂಟೆ ಹಿಡಿಯಿತು. ಬುಧವಾರ ಅವಳು ಕಣ್ಣು ಬಿಟ್ಟಳು, ಆದರೆ ಏನನ್ನೂ ಮೂಸಲಿಲ್ಲ. ಗುರುವಾರ ಮತ್ತೆ ಜ್ವರ ಬಂತು, ಡಾಕ್ಟರೂ ಮಾತು ಕಡಿಮೆ ಮಾಡಿದರು. ನಾನು ಎರಡು ದಿನವೂ ಬಸ್ಸು ಹತ್ತಿ ಯಾದವಗಿರಿಗೆ ಹೋಗಿ ಪುಟ್ಟಣ್ಣನ ಪಕ್ಕ ಕೂತು ಬಂದೆ. ಅವನಿಗೂ ಮಾತು ಕಡಿಮೆ, ನಿನಗೆ ಗೊತ್ತಲ್ಲ. ಗುರುವಾರ ನಾನು ಎದ್ದಾಗ ಮಾತ್ರ ‘ನಾಳೆ ಬತ್ತೀರಾ ಭಾವ?’ ಎಂದು ಕೇಳಿದ. ಶುಕ್ರವಾರ ಬೆಳಿಗ್ಗೆ, ಸ್ವಾತಂತ್ರ್ಯ ದಿನದ ಮೆರವಣಿಗೆ ಮುಗಿಸಿ ಮಕ್ಕಳು ಬಾವುಟ ಹಿಡಿದು ಹೋಗುತ್ತಿದ್ದ ಹೊತ್ತಿಗೆ ಚೆಲುವಿಯ ಫೋನ್ ಬಂತು. ಅಳುತ್ತಿದ್ದಾಳೆ, ಒಂದಕ್ಷರ ಅರ್ಥವಾಗುತ್ತಿಲ್ಲ. ನಾನು ಕುಂಬಳನ ಬೋಳು ಕೊರಳ ಮೇಲೆ ಕೈಯಿಟ್ಟೆ. ಆಮೇಲೆ ಪುಟ್ಟಣ್ಣ ಫೋನ್ ಕಿತ್ತುಕೊಂಡು ‘ಮೊಸರನ್ನ ತಿಂದವ್ಳೆ ಭಾವ! ತಟ್ಟೆ ನೆಕ್ಕವ್ಳೆ!’ ಎಂದು ಕೂಗಿದ. ಅವನು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನಿನ್ನೆ ಸಂಜೆ ಕುಂಬಳನನ್ನು ಕರೆದುಕೊಂಡು ಮಂಡಿ ಮೊಹಲ್ಲಾಕ್ಕೆ ಹೋಗಿಬಂದೆವು. ಗೋಣಿ ಮನೆಗೆ ಬಂದಿದ್ದಾಳೆ. ಇನ್ನೂ ಒಂದು ತಿಂಗಳು ಮಾತ್ರೆ ನುಂಗಬೇಕು, ನಡೆದರೆ ತೂರಾಡುತ್ತಾಳೆ, ಆದರೆ ಒಸಡು ಕೆಂಪಾಗುತ್ತಿದೆ. ಕುಂಬಳ ಅವಳನ್ನು ಒಮ್ಮೆ ಮೂಸಿ, ತನ್ನದೇ ಮನೆ ಎನ್ನುವಂತೆ ಅವಳ ಹಾಸಿಗೆಯ ಮೇಲೆ ಮಲಗಿಬಿಟ್ಟ. ಗೋಣಿ ನೆಲದ ಮೇಲೆ. ಅಕ್ಕಪಕ್ಕದ ಅಂಗಡಿಯವರೆಲ್ಲ ಅವನ ಬೋಳು ಕೊರಳನ್ನು ನೋಡಲು ಬಂದರು, ಒಬ್ಬರು ಹಾರವನ್ನೇ ತಂದು ಹಾಕಿದರು, ಅವನು ಅದರಲ್ಲಿದ್ದ ಎರಡು ಸೇವಂತಿಗೆ ತಿಂದ. ಚೆಲುವಿ ನನ್ನನ್ನು ಊಟ ಮಾಡದೆ ಬಿಡಲಿಲ್ಲ. ಒಬ್ಬಟ್ಟಿನ ಸಾರು ಥೇಟ್ ನಿಮ್ಮಮ್ಮನ ಕೈರುಚಿ, ಎಲೆಯ ಮುಂದೆ ಕೂತು ನನಗೆ ಸ್ವಲ್ಪ ಕಷ್ಟವೇ ಆಯಿತು. ಈ ಕಾಗದದ ಜೊತೆ ಬಂದಿರುವ ಚಿಕ್ಕ ತಗಡಿನ ಪೆಟ್ಟಿಗೆ ಮೊಮ್ಮಗನ ಬಟ್ಟೆ ಇಡಲು ಪುಟ್ಟಣ್ಣ ಮಾಡಿದ್ದು. ಮುಚ್ಚಳದ ಮೇಲಿನ ಗಿಳಿಗಳನ್ನು ಬರೆದವಳು ಚೆಲುವಿ. ಅಂಚು ಎಲ್ಲೂ ಚುಚ್ಚದ ಹಾಗೆ ಮೂರು ಸಲ ಉಜ್ಜಿಸಿದ್ದಾಳೆ.

ಇಷ್ಟೇ ವಿಷಯ. ಭಾನುಮತಿಗೂ ಅಳಿಯಂದಿರಿಗೂ ನಮ್ಮೆಲ್ಲರ ನೆನಪು ತಿಳಿಸು. ದೊಡ್ಡ ಮೊಮ್ಮಗಳಿಗೆ, ಕುಂಬಳ ಈಗ ದೊಡ್ಡ ಮನುಷ್ಯನಾಗಿದ್ದಾನೆಂದು ಹೇಳು. ಮಗುವಿನ ನೆತ್ತಿಯ ಮೇಲೆ ನನ್ನ ಪರವಾಗಿ ಒಮ್ಮೆ ಕೈಯಿಡು. ಮಾದೇಶ್ವರ ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ.

ಇಂತಿ ನಿನ್ನ
ಮಹದೇವಯ್ಯ

ಮರೆತಿದ್ದೆ: ಮರೆತಿರಲಿಲ್ಲ, ಧೈರ್ಯ ಬಂದಿರಲಿಲ್ಲ. ಈಗ ಬಸ್ ಸ್ಟ್ಯಾಂಡಿನಲ್ಲಿ ನಿಂತು ಬರೆಯುತ್ತಿದ್ದೇನೆ, ದಾವಣಗೆರೆ ಬಸ್ಸಿನ ಡ್ರೈವರ್ ವಾಗೀಶ ನಮ್ಮ ಡಿಪೋದವನೇ, ಎರಡು ನಿಮಿಷ ಕೊಟ್ಟಿದ್ದಾನೆ. ಭಾನು ಮದುವೆಗೆ ನಾಲ್ಕು ದಿನ ಇರುವಾಗ ಮುಹೂರ್ತ ಹತ್ತೂವರೆಯಿಂದ ಒಂಬತ್ತೂಕಾಲಿಗೆ ಬದಲಾಯಿತಲ್ಲ, ಎಲ್ಲರಿಗೂ ಫೋನ್ ಮಾಡಿ ತಿಳಿಸಿ ಎಂದು ನೀನು ನನಗೆ ಪಟ್ಟಿ ಕೊಟ್ಟಿದ್ದೆ. ಚೆಲುವಿಗೆ ಮಾಡುವುದು ನನಗೆ ಮರೆತುಹೋಯಿತು. ನೀನು ಕೇಳಿದಾಗ ‘ಮಾಡಿದೆ’ ಎಂದುಬಿಟ್ಟೆ. ಅವಳು ಅವತ್ತು ಬಂದದ್ದು ಹತ್ತು ಗಂಟೆಗೆ, ಕಾರ್ಡಿನಲ್ಲಿದ್ದ ಹೊತ್ತಿಗಿಂತ ಅರ್ಧ ಗಂಟೆ ಮುಂಚೆಯೇ. ನೀನು ಬೈಯುವಾಗ ನಾನು ಕಂಬದ ಪಕ್ಕದಲ್ಲಿ ನಿಂತಿದ್ದೆ ಸಿದ್ದು, ಬಾಯಿ ಬರಲಿಲ್ಲ. ಮಂಗಳವಾರ ಆ ಬೆಂಚಿನ ಮೇಲೆ ಅವಳ ಕಾಲು ಹಿಡಿಯಲು ಹೋದೆ. ‘ನಂಗೆ ಆವತ್ತೇ ಗೊತ್ತಾಯ್ತು ಭಾವ. ಹೇಳಿದ್ರೆ ನಿಮ್ಮಿಬ್ಬರ ಮಧ್ಯೆ ಜಗಳ ಆಗೋದು ಅಂತ ಸುಮ್ಕಿದ್ದೆ. ಈಗ್ಲೂ ಹೇಳ್ಬೇಡಿ’ ಎಂದಳು. ಒಂಬತ್ತು ವರ್ಷ! ಅವಳ ಮಾತು ಮೀರಿ ಹೇಳುತ್ತಿದ್ದೇನೆ. ನಂಬರನ್ನು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದ್ದೇನೆ. ನನ್ನನ್ನು ಆಮೇಲೆ ಬೈಯುವೆಯಂತೆ, ಮೊದಲು ಅವಳಿಗೆ ಫೋನ್ ಮಾಡು. ಇವತ್ತು ಸಂಜೆ ಫೋನನ್ನು ಪಕ್ಕದಲ್ಲೇ ಇಟ್ಟುಕೊಂಡಿರು ಎಂದು ಅವಳಿಗೆ ಹೇಳಿದ್ದೇನೆ. ಯಾಕೆ ಎಂದು ಹೇಳಿಲ್ಲ. ವಾಗೀಶ ಹಾರ್ನ್ ಮಾಡುತ್ತಿದ್ದಾನೆ.