ಯಂತ್ರಕ್ಕೆ ಹಚ್ಚಿದ ವಿಭೂತಿ

ಹಾಸ್ಟೆಲ್, ಪೀಣ್ಯ
೧೦ ಫೆಬ್ರವರಿ ೨೦೨೬, ಮಂಗಳವಾರ

ಹಟಮಾರಿ ತಂಗಿ ಸ್ಫೂರ್ತಿಗೆ, ಅಕ್ಕನ ಆಶೀರ್ವಾದ.

ಫೋನಿನಲ್ಲಿ ಹೇಳಹೊರಟರೆ ನಡುವೆ ಬಾಯಿ ಹಾಕುತ್ತೀಯೆ, ಅದಕ್ಕೇ ಈ ಕಾಗದ. ನಮ್ಮ ವಿಶ್ವವಿದ್ಯಾಲಯದಲ್ಲಿ ನಿನಗೂ ಪಿಎಚ್‌ಡಿ ಸೀಟು ಸಿಕ್ಕಿದೆ, ಶುಕ್ರವಾರ ಸಂಜೆಯೊಳಗೆ ಒಪ್ಪಿಗೆ ಕೊಡಬೇಕು, ಸೇರುವ ಮೊದಲು ಏನೇನು ಗೊತ್ತಿರಬೇಕು ಎಂದು ಕೇಳಿದ್ದೀಯ. ನಾಲ್ಕು ವರ್ಷದಿಂದ ಇಲ್ಲೇ ಬಿದ್ದಿರುವವಳು ಹೇಳುತ್ತೇನೆ, ಕೇಳಿಸಿಕೋ.

ವೆಬ್‌ಸೈಟಿನಲ್ಲಿ ಹುಡುಗ ಹುಡುಗಿಯರು ಮರದ ಕೆಳಗೆ ನಗುತ್ತಾ ಕೂತಿದ್ದಾರಲ್ಲ, ಆ ಮರ ಎರಡು ವರ್ಷದ ಹಿಂದೆಯೇ ಬಿದ್ದುಹೋಯಿತು. ಒಂದು ಬಾಟಲಿ ಆಸಿಡ್ ತರಿಸಬೇಕಾದರೆ ಆರು ಜನರ ಸಹಿ ಬೇಕು. ಐದು ಸಹಿ ಆಗುವ ಹೊತ್ತಿಗೆ ಆರನೆಯವರು ರಜೆ. ಅವರು ಬರುವ ಹೊತ್ತಿಗೆ ಅರ್ಜಿಯ ನಮೂನೆಯೇ ಬದಲಾಗಿರುತ್ತದೆ. ಕರ್ಮ!

ನೀರಿನಲ್ಲಿ ಏನೇನು ಎಷ್ಟೆಷ್ಟು ಬೆರೆತಿದೆ ಎಂದು ಹೇಳುವ ಯಂತ್ರವೊಂದಿದೆ, ಅದನ್ನು ನೋಡಿಯೇ ನಾನು ಸೇರಿದ್ದು. ಸರದಿ ಬರುವುದು ಮೂರು ವಾರಕ್ಕೊಮ್ಮೆ, ಬಂದ ದಿನವೇ ಕರೆಂಟ್ ಹೋಗುತ್ತದೆ. ಗೈಡ್ ಹೇಮಲತಾ ಮೇಡಂ ನಾನು ಬರೆದ ಒಂದೊಂದು ಸಾಲನ್ನೂ ಓದುತ್ತಾರೆ, ಅದೊಂದು ಪುಣ್ಯ. ಓದಿ, ಕೆಂಪು ಇಂಕಿನಲ್ಲಿ ಅರ್ಧ ಹೊಡೆದುಹಾಕುತ್ತಾರೆ.

ನಾನು ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ ಅಳೆಯುವವಳು. ಅಕ್ಟೋಬರ್‌ನಿಂದ ಯಾವ ನೀರು ಇಟ್ಟರೂ ವಿಪರೀತ ಕ್ಯಾಲ್ಸಿಯಂ ತೋರಿಸುತ್ತಿತ್ತು. ಶುದ್ಧ ನೀರಿಟ್ಟರೂ ಅದೇ. ತಲೆ ಕೆಟ್ಟುಹೋಯಿತು. ಯಂತ್ರ ನೋಡಿಕೊಳ್ಳುವ ಮುರಿಗೆಪ್ಪಣ್ಣ ಶುದ್ಧ ನೀರನ್ನು ಸರಿಯಾಗಿ ತಯಾರಿಸುತ್ತಿಲ್ಲ ಎಂದು ದೂರು ಬರೆದುಕೊಟ್ಟೆ. ಗದಗದ ಕಡೆಯವರು, ಗುತ್ತಿಗೆ ನೌಕರರು. ಅವರಿಗೆ ನೋಟಿಸ್ ಬಂತು. ಅವರನ್ನು ಮುಂದುವರಿಸಬೇಕೋ ಬೇಡವೋ ಎಂಬ ಸಭೆಯೂ ಇದೇ ಶುಕ್ರವಾರ. "ನಾ ಏನೂ ತಪ್ಪು ಮಾಡಿಲ್ರೀ ಮೇಡಂ, ಇನ್ನೊಮ್ಮೆ ಯಂತ್ರ ನೋಡ್ರಿ" ಎಂದು ಕೇಳಿಕೊಂಡರು. ನಾನು ನೋಡಲಿಲ್ಲ.

ನಿನ್ನೆ ನೋಡಿದೆ. ಸ್ಯಾಂಪಲ್ ಇಡುವ ಬಾಗಿಲಿನ ರಬ್ಬರ್ ಸಂದಿಯಲ್ಲಿ ಬೆಳ್ಳಗಿನ ಪುಡಿ. ಬೆರಳಲ್ಲಿ ಉಜ್ಜಿದೊಡನೆ ಗೊತ್ತಾಯಿತು. ಆಯುಧಪೂಜೆಯ ದಿನ, ಅಮ್ಮ ಮಿಕ್ಸಿಗೂ ಸ್ಕೂಟರಿಗೂ ಹಚ್ಚುವ ಹಾಗೆ, ಆ ಬಾಗಿಲಿಗೆ ಮೂರು ಬೆರಳಲ್ಲಿ ವಿಭೂತಿ ಎಳೆದವಳು ನಾನೇ. ಮುರಿಗೆಪ್ಪಣ್ಣ ಆಗಲೇ "ಮ್ಯಾಲ ಒಂದು ಹೂವು ಇಡ್ರಿ ಸಾಕು, ಬಾಗಿಲಿಗೆ ಏನೂ ಹಚ್ಚಬ್ಯಾಡ್ರಿ" ಎಂದಿದ್ದರು. ವಿಭೂತಿಯಲ್ಲಿ ಕ್ಯಾಲ್ಸಿಯಂ ತುಂಬಿರುತ್ತದೆ, ಬಾಗಿಲು ತೆರೆದಾಗಲೆಲ್ಲ ಅದು ನೀರಿಗೆ ಉದುರಿದೆ. ಇದನ್ನೇ ಓದುತ್ತಿರುವವಳಿಗೆ ನಾಲ್ಕು ತಿಂಗಳು ಅದು ಹೊಳೆಯಲಿಲ್ಲ, ನೋಡು! ನನಗೆ ನನ್ನ ಮೇಲೇ ಸಿಟ್ಟು, ನಾಚಿಕೆ.

ಮೇಡಂಗೆ ಹೇಳಿದರೆ ನಾಲ್ಕು ತಿಂಗಳ ಕೆಲಸ ಕಸದ ಬುಟ್ಟಿಗೆ, ಈ ವರ್ಷ ಪ್ರಬಂಧ ಸಲ್ಲಿಸುವ ಆಸೆಗೆ ಎಳ್ಳುನೀರು. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಪುಡಿ ಒರೆಸಿಯಾಗಿದೆ. ಇಷ್ಟು ಹೊತ್ತು ಸಹಿ, ಕರೆಂಟು ಎಂದು ಗೊಣಗಿದ್ದು ಇದನ್ನು ಬರೆಯಲು ಧೈರ್ಯ ಸಾಲದೆ. ಇಲ್ಲಿ ನಿನ್ನ ತಪ್ಪು ಹಿಡಿಯಲು ಎಷ್ಟೋ ಸಲ ನಿನ್ನನ್ನು ಬಿಟ್ಟರೆ ಇನ್ನೊಬ್ಬರಿರುವುದಿಲ್ಲ ಕಣೇ. ಅದು ನಿನ್ನಿಂದ ಆಗುವುದಿಲ್ಲ ಎನಿಸಿದರೆ ಬರಬೇಡ.

ನಿನ್ನ ಸಿಡುಕಿ ಅಕ್ಕ,
ವೇಣಿ

ತಾ.ಕ.: ಬುಧವಾರ. ಲಕೋಟೆ ಅಂಟಿಸುವ ಮೊದಲು ಮೇಡಂ ಕೋಣೆಗೆ ಹೋಗಿ ಎಲ್ಲ ಹೇಳಿಬಿಟ್ಟೆ. ದೂರು ವಾಪಸ್ ಪಡೆಯುವುದಕ್ಕೂ ಆರು ಸಹಿಯಂತೆ! ಆರನೆಯವರು ಯಥಾಪ್ರಕಾರ ರಜೆ. ಚಿಕ್ಕಬಾಣಾವರದ ಅವರ ಮನೆಗೇ ಹೋಗಿ ಹಾಕಿಸಿಕೊಂಡು ಬಂದೆ. ಮುರಿಗೆಪ್ಪಣ್ಣನಿಗೆ ಕೈಮುಗಿದೆ. ಅವರು ಸರದಿಯ ಪುಸ್ತಕ ತೆಗೆದು, ನಾಳೆ ಬೆಳಿಗ್ಗೆಗೇ ನನ್ನ ಹೆಸರು ಬರೆದು, "ಮೊದಲಿಂದ ಸುರು ಮಾಡ್ರಿ ಮೇಡಂ. ಕೈ ತೊಳಕೊಂಡು ಬರ್ರಿ" ಎಂದರು.